ಮೊದಲು ಸದ್ದು, ಆಮೇಲೆ ತಿಂಡಿ

ಢಂ!

ಒಂದೇ ಒಂದು ಸದ್ದು. ಅವಳ ಕೈಯಲ್ಲಿದ್ದ ಹಗ್ಗ ಸರ್ರನೆ ಜಾರಿಹೋಯಿತು. ಹಗ್ಗದ ಇನ್ನೊಂದು ತುದಿಯಲ್ಲಿದ್ದ ಮೂವತ್ತನಾಲ್ಕು ಕಿಲೋ ತೂಕದ ದೊರೆ ನದಿದಂಡೆಯ ರಸ್ತೆಯಲ್ಲಿ ಕಾಲಿಗೆ ಬುದ್ಧಿ ಹೇಳಿದ್ದ.

ದೊರೆ ಎಂದರೆ ಅವಳ ನಾಯಿ. ಮರಿಯಾಗಿದ್ದಾಗಲೇ ಸೋಫಾದ ನಟ್ಟನಡುವೆ ಕೂತು ಯಾರಿಗೂ ಜಾಗ ಬಿಡುತ್ತಿರಲಿಲ್ಲವೆಂದು ಚಿಕ್ಕಮ್ಮ ಇಟ್ಟ ಹೆಸರು. ಲಾರಿಗೆ ಹೆದರದ, ಪಶುವೈದ್ಯರ ಸೂಜಿಗೆ ಹೆದರದ ಈ ದೊರೆ ಆಕಾಶದಲ್ಲಿ ಏನಾದರೂ ಸಿಡಿದರೆ ಮಾತ್ರ ರಾಜ್ಯ, ಸಿಂಹಾಸನ ಎಲ್ಲ ಬಿಟ್ಟು ಓಡುತ್ತಿದ್ದ.

ಅವಳೂ ಹಿಂದೆಯೇ ಓಡಿದಳು. ಒಂದು ಚಪ್ಪಲಿ ಎಲ್ಲಿ ಬಿತ್ತೋ ತಿರುಗಿ ನೋಡಲಿಲ್ಲ.

'ರಸ್ತೆ ದಾಟಬೇಡ ಕಣೋ... ದಾಟಬೇಡ...'

ಕಳೆದ ಸಲ ಹೀಗೇ ಓಡಿ, ಕಾರಿಗೆ ಸಿಕ್ಕು ಹಿಂಗಾಲು ಮುರಿದುಕೊಂಡಿದ್ದ. ಓಡುವಾಗ ಆ ಕಾಲು ಈಗಲೂ ಸ್ವಲ್ಪ ಎಳೆಯುತ್ತದೆ.

ಪುಣ್ಯಕ್ಕೆ ದೊರೆ ರಸ್ತೆ ದಾಟಲಿಲ್ಲ. ಬಾಗಿಲು ತೆರೆದು ನಿಂತಿದ್ದ ಒಂದು ನೀಲಿ ವ್ಯಾನಿಗೆ ನುಗ್ಗಿ, ಚಾಲಕನ ಸೀಟಿನ ಮುಂದೆ ಬ್ರೇಕು ಕ್ಲಚ್ಚುಗಳ ಮೇಲೆ ಮುದುಡಿ ಕೂತುಬಿಟ್ಟ.

ವ್ಯಾನಿನ ಬಳಿ ಒಬ್ಬ ನಿಂತಿದ್ದ. ಭುಜಕ್ಕೆ ತಂತಿಯ ಸುರುಳಿ, ಕಿವಿಯ ಹಿಂದೆ ಪೆನ್ಸಿಲ್, ಮೊಣಕೈವರೆಗೆ ಮಡಿಸಿದ ಅಂಗಿಯ ತೋಳು. ಬ್ರೇಕಿನ ಮೇಲೆ ಕೂತ ನಾಯಿಯನ್ನೂ, ಒಂಟಿ ಚಪ್ಪಲಿಯಲ್ಲಿ ಏದುಸಿರು ಬಿಡುತ್ತ ಬಂದ ಹುಡುಗಿಯನ್ನೂ ಒಮ್ಮೆ ಅತ್ತ ಒಮ್ಮೆ ಇತ್ತ ನೋಡಿದ.

“ಯಾರು ಹಾರಿಸಿದ್ದು ಅದು?” ಎಂದು ಅವಳು ಗದರಿದಳು. “ಆ ಮನುಷ್ಯ ನನ್ನ ಕೈಗೆ ಸಿಗ್ಲಿ, ಅವನ ಕಿವಿಯಲ್ಲೇ ಒಂದು ಹಚ್ತೀನಿ.”

ಅವನು ಭುಜದ ಮೇಲಿನ ತಂತಿಯ ಸುರುಳಿಯನ್ನು ಸರಿಮಾಡಿಕೊಂಡ.

“ಗೊತ್ತಿಲ್ಲ ಮೇಡಂ” ಎಂದ.

ಓದುಗರೇ, ಹಾರಿಸಿದವನು ಅವನೇ. ಹೊಸ ಸೇತುವೆಯ ಉದ್ಘಾಟನೆಗೆ ಮೂರು ವಾರ ಉಳಿದಿತ್ತು. ಆ ಸಂಜೆಯ ಬಾಣಬಿರುಸಿನ ಹೊಣೆ ಅವನ ಮೇಲಿತ್ತು. ದಂಡೆಯ ಮೇಲೆ ಗಾಳಿ ಯಾವ ಕಡೆಗೆ ಎಳೆಯುತ್ತದೆಂದು ನೋಡಲು ಒಂದೇ ಒಂದನ್ನು ಹಾರಿಸಿದ್ದ. ಅಪ್ಪನಿಂದ ಕಲಿತ ಕೆಲಸ, ಹೆಮ್ಮೆಯ ಕೆಲಸ. ಆದರೆ ಆ ಹೊತ್ತಿನ ಅವಳ ಮುಖ ನೋಡಿದ್ದರೆ ನೀವೂ ನಾನೂ ಹಾಗೇ ಹೇಳುತ್ತಿದ್ದೆವು.

ಅವಳು ದೊರೆಯ ಪಟ್ಟಿ ಹಿಡಿದು ಎಳೆಯತೊಡಗಿದಳು. ಅವನು ಮೆಲ್ಲಗೆ ತಡೆದ.

“ಎಳೀಬೇಡಿ. ಬಚ್ಚಿಟ್ಕೊಳ್ಳೋಕೆ ಒಂದು ಜಾಗ ಸಿಕ್ಕಿದೆ. ತಾನಾಗೇ ಬರ್ತಾನೆ, ನನಗೇನೂ ಅವಸರ ಇಲ್ಲ.”

ಹಾಗೆಂದವನು ವ್ಯಾನಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತೇಬಿಟ್ಟ. ಬೇರೆ ದಾರಿ ಕಾಣದೆ ಅವಳೂ ಕೂತಳು. ಮೂವತ್ತೈದು ನಿಮಿಷ! ಅಷ್ಟರಲ್ಲಿ ಅವಳು ಕಿವಿ ಆಸ್ಪತ್ರೆಯಲ್ಲಿ ಕೇಳಿಸುವಿಕೆಯ ಪರೀಕ್ಷೆ ಮಾಡುವವಳೆಂದು ಅವನಿಗೆ ತಿಳಿಯಿತು. ಅವನು ವೈರಿಂಗ್ ಕೆಲಸದವನೆಂದು ಅವಳಿಗೆ ತಿಳಿಯಿತು. ಬಿರುಸುಗಳಿಗೆ ತಂತಿ ಜೋಡಿಸುವುದೂ ವೈರಿಂಗೇ ತಾನೇ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಕೊನೆಗೆ ದೊರೆ ಇಳಿದು ಬಂದ. ಬಂದವನು ಒಡತಿಯ ಹತ್ತಿರ ಹೋಗಲಿಲ್ಲ. ವ್ಯಾನಿನವನ ಮೊಣಕಾಲಿನ ಮೇಲೆ ಗದ್ದ ಇಟ್ಟು ದೊಡ್ಡದೊಂದು ನಿಟ್ಟುಸಿರು ಬಿಟ್ಟ.

'ಅಬ್ಬಾ... ಇವನು ಯಾರನ್ನೂ ಇಷ್ಟು ಬೇಗ ನಂಬಿದವನಲ್ಲ' ಎಂದುಕೊಂಡಳು ಅವಳು.

*

ಮಾರನೆಯ ದಿನ ಅವನು ಆಸ್ಪತ್ರೆಗೆ ಬಂದ. ಕೈಯಲ್ಲಿ ಅವಳ ಚಪ್ಪಲಿ, ಅದೂ ಒರೆಸಿ ಕಾಗದದಲ್ಲಿ ಸುತ್ತಿದ್ದು.

ಅಂದು ಅವಳ ಮುಖ ಸಪ್ಪಗಿತ್ತು. ಕೇಳಿದ್ದಕ್ಕೆ ಎಲ್ಲವನ್ನೂ ಹೇಳಿಬಿಟ್ಟಳು. ಕಳೆದ ಸಲ, ಕಾರಿಗೆ ಸಿಗುವ ಮುಂಚೆ, ಸಿಡಿತಕ್ಕೆ ಬೆದರಿ ಓಡುವಾಗ ದೊರೆ ಕಟ್ಟಡದ ಬಾಗಿಲಿನ ಗಾಜನ್ನೇ ಒಡೆದುಕೊಂಡು ಹೋಗಿದ್ದ. ಅಲ್ಲೇ ನಿಂತಿದ್ದ ಮೇಲಿನ ಮನೆಯ ಹೆಡ್‌ಮಾಸ್ತರ ಕೈಗೆ ಏಳು ಹೊಲಿಗೆ ಬಿದ್ದಿತ್ತು. ಅವರು ನಿವೃತ್ತರು, ಕಟ್ಟಡದ ಸಂಘದ ಅಧ್ಯಕ್ಷರು. ಕೆಟ್ಟವರಲ್ಲ, ಅದೇ ಕಷ್ಟ! ಬೈದಿದ್ದರೆ ತಿರುಗಿ ಬೈಯಬಹುದಿತ್ತು. 'ಆ ಜಾಗದಲ್ಲಿ ಒಂದು ಮಗು ನಿಂತಿದ್ರೆ ಏನಮ್ಮಾ ಗತಿ?' ಎಂದು ಕೇಳಿದ್ದರು. ಸೇತುವೆಯ ಉದ್ಘಾಟನೆಯ ಸಂಜೆ ತಾವೇ ಬಂದು ಕೂತು ನೋಡುವುದಾಗಿಯೂ ಹೇಳಿದ್ದರು. ದೊರೆ ಮನೆಯೊಳಗೆ ಶಾಂತನಾಗಿ ಉಳಿದರೆ ಸರಿ, ಇಲ್ಲವಾದರೆ ವಾರದೊಳಗೆ ಅವನನ್ನು ಬೇರೆ ಕಡೆ ಕಳಿಸಬೇಕು.

“ಅವನನ್ನ ಕಳಿಸಿ ನಾನು ಇರಲ್ಲ” ಎಂದಳು. ಅಷ್ಟು ಹೇಳಿ ಕಣ್ಣು ಬೇರೆ ಕಡೆ ತಿರುಗಿಸಿದಳು.

ಕಾರಣವನ್ನೂ ಹಾಗೇ ಹೇಳಿದಳು. ಮೂರು ವರ್ಷದ ಹಿಂದೆ ಅವಳ ಮದುವೆ ಗೊತ್ತಾಗಿತ್ತು. ಆ ಮನುಷ್ಯ ಬೇರೆ ಊರಿನಲ್ಲಿ ಇನ್ನೊಬ್ಬಳನ್ನು ಮುಚ್ಚಿಟ್ಟಿದ್ದ. ವಿಷಯ ಗೊತ್ತಾದ ದಿನ ಅವಳು ಅಡುಗೆಮನೆಯ ನೆಲದ ಮೇಲೆ ಮಲಗಿದವಳು ಎದ್ದಿರಲಿಲ್ಲ. ದೊರೆ ಬಂದು ಅವಳ ಬೆನ್ನಿಗೆ ಬೆನ್ನು ಹಚ್ಚಿ ಮಲಗಿದ್ದ. ತನ್ನ ಊಟದ ಹೊತ್ತು ಮೀರಿದರೂ ಎದ್ದಿರಲಿಲ್ಲ. ಅಂದಿನಿಂದ ಅವಳಿಗೆ ಮುಚ್ಚಿಡುವವರನ್ನು ಕಂಡರೆ ಆಗದು.

ಇದೆಲ್ಲ ಕೇಳುತ್ತಿದ್ದವನು ಚಪ್ಪಲಿ ಸುತ್ತಿದ್ದ ಕಾಗದವನ್ನು ಮತ್ತೆ ಮತ್ತೆ ಮಡಿಸಿದ. 'ಈಗಲೇ ಹೇಳಿಬಿಡಲೇ? ಅಯ್ಯೋ, ಹೇಳಿದರೆ ಇವತ್ತೇ ಕೊನೆ...' ಎಂದು ಒಳಗೇ ಒದ್ದಾಡಿದ. ಕೊನೆಗೆ ಬಾಯಿಂದ ಬಂದದ್ದು ಬೇರೆ.

“ಬಾಣಬಿರುಸಿನ ಒಳ್ಳೆ ರೆಕಾರ್ಡಿಂಗ್ ಬೇಕಾ? ನನಗೆ ಸಿಗುತ್ತೆ.”

*

ಆಸ್ಪತ್ರೆಯಲ್ಲೊಂದು ಸದ್ದಿಲ್ಲದ ಕೋಣೆಯಿತ್ತು. ದಪ್ಪ ಬಾಗಿಲು, ಗೋಡೆಗೆಲ್ಲ ಮೆತ್ತೆ, ಒಂದು ಕುರ್ಚಿ. ಅಲ್ಲಿ ಕೂತವರ ಕಿವಿಗೆ ಅವಳು ಹೊರಗಿನಿಂದ ಸಣ್ಣ ಸಣ್ಣ ಸದ್ದು ಕಳಿಸುತ್ತಾಳೆ. ಕೇಳಿಸಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ದೊಡ್ಡ ಡಾಕ್ಟರ ಒಪ್ಪಿಗೆ ಪಡೆದು ಮಧ್ಯಾಹ್ನದ ಬಿಡುವಿನಲ್ಲಿ ಆ ಕೋಣೆಯನ್ನು ದೊರೆಗೆ ಪಾಠಶಾಲೆ ಮಾಡಿದಳು.

ವಿಧಾನ ಸರಳ. ಬಾಣಬಿರುಸಿನ ಸದ್ದನ್ನು ಪಿಸುಮಾತಿಗಿಂತ ಸಣ್ಣದಾಗಿ ಹಾಕುವುದು, ಮರುಕ್ಷಣವೇ ಬೇಯಿಸಿದ ಕೋಳಿಯ ಒಂದು ಚೂರು ಕೊಡುವುದು. ದೊರೆ ಕಿವಿ ಕೂಡ ಅಲ್ಲಾಡಿಸದಿದ್ದರೆ ಮಾರನೆಯ ದಿನ ಒಂದು ಹಂತ ಜೋರು.

ಮೊದಲ ದಿನ ಅವನು ಅವಸರದಲ್ಲಿ ಚೂರನ್ನು ಮೊದಲೇ ಕೊಟ್ಟುಬಿಟ್ಟ. ಅವಳು ಅವನ ಕೈ ಹಿಡಿದು ತಡೆದಳು.

“ಮೊದಲು ಸದ್ದು, ಆಮೇಲೆ ತಿಂಡಿ. ತಿಂಡಿ ಮೊದಲು ಬಂದ್ರೆ ಅವನು ತಿಂಡಿಗೂ ಹೆದರೋಕೆ ಶುರು ಮಾಡ್ತಾನೆ.”

ಹೇಳಿ ಮುಗಿದರೂ ಕೈ ಬಿಡಲು ಅವಳಿಗೆ ನೆನಪಾಗಲಿಲ್ಲ. ಆ ಕೋಣೆಯ ಮೌನ ಎಂಥದ್ದೆಂದರೆ ಅಲ್ಲಿ ಉಸಿರು ಕೂಡ ಕೇಳಿಸುತ್ತದೆ. ಅವನ ಉಸಿರು ಒಂದು ಕ್ಷಣ ನಿಂತದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ನಡುವೆ ಕೂತ ದೊರೆ ಮಾತ್ರ ಚೂರು ಎಲ್ಲಿ ಎಂದು ಇಬ್ಬರ ಮುಖ ನೋಡುತ್ತಿದ್ದ.

ದಿನಗಳು ಹಾರಿಹೋದವು. ಅವನು ದಿನಾ ಬಂದ. ಸಂಜೆ ದೊರೆಯನ್ನು ಮನೆಗೆ ಬಿಡುವ ನೆಪದಲ್ಲಿ ಮೂರನೆಯ ಮಹಡಿವರೆಗೆ ಹತ್ತಿದ. ಚಿಕ್ಕಮ್ಮ ಮೊದಲ ದಿನ ನೀರು ಕೊಟ್ಟರು, ಎರಡನೆಯ ದಿನ ಕಾಫಿ ಕೊಟ್ಟರು, ಮೂರನೆಯ ದಿನ ಮಾತು ಶುರು ಮಾಡಿದರು.

“ವೈರಿಂಗ್‌ನೋನು ದಿನಾ ಬರ್ತಾನೆ, ನಮ್ಮ ಬಚ್ಚಲಮನೆ ದೀಪ ಮಾತ್ರ ಇನ್ನೂ ಮಿಣಮಿಣ ಅಂತಿದೆ. ಇವನ ಕಣ್ಣಿಗೆ ಬೇರೇನೂ ಬೀಳ್ತಾ ಇಲ್ಲ ಅನ್ಸುತ್ತೆ, ಅಲ್ವೇನೇ ಪುಟ್ಟಿ?”

ಅವಳು ಕೆಂಪಾಗಿ ಒಳಗೆ ಓಡಿದಳು. ಕನ್ನಡಿಯೆದುರು ನಿಂತು ತನ್ನನ್ನೇ ಕೇಳಿಕೊಂಡಳು. 'ಏನಾಗ್ತಿದೆ ನಂಗೆ? ಮಧ್ಯಾಹ್ನದ ಎರಡು ಗಂಟೆಗೆ ಬೆಳಗ್ಗೆಯಿಂದಲೇ ಕಾಯ್ತೀನಲ್ಲ...' ಉತ್ತರ ಅವಳಿಗೆ ಗೊತ್ತಿತ್ತು. ಸಂತೋಷಕ್ಕೆ ಕೈ ಕಾಲು ನಿಲ್ಲಲಿಲ್ಲ.

*

ಹನ್ನೆರಡನೆಯ ದಿನ ದೊರೆ ಸಾಕಷ್ಟು ಜೋರಾದ ಸದ್ದಿಗೂ ಬಾಲ ಆಡಿಸಿದ. ಆ ಖುಷಿಯಲ್ಲಿ ಅವಳು ವೈರಿಂಗ್‌ನವನನ್ನೇ ಕುರ್ಚಿಯಲ್ಲಿ ಕೂರಿಸಿದಳು. “ನಿಮ್ಮ ಕಿವೀನೂ ಒಂದ್ಸಲ ನೋಡೇಬಿಡ್ತೀನಿ” ಎಂದಳು. ಬೇಡವೆಂದರೂ ಬಿಡದೆ, ಮೊದಲು ಮೇಣದಂಥ ಹಿಟ್ಟು ತುಂಬಿ ಎರಡೂ ಕಿವಿಯ ಅಚ್ಚು ತೆಗೆದಿಟ್ಟಳು.

ದಪ್ಪ ಬಾಗಿಲು ಮುಚ್ಚಿತು. ಗಾಜಿನಾಚೆ ಅವನು ಗುಂಡಿ ಹಿಡಿದು, ಕಣ್ಣು ಮುಚ್ಚಿ, ತುಸು ನಗುತ್ತ ಕೂತಿದ್ದ. ಅವಳೂ ನಗುತ್ತಲೇ ಸದ್ದು ಕಳಿಸತೊಡಗಿದಳು. ಕೆಳಗಿನ ಸ್ವರಗಳು ಚೆನ್ನಾಗಿದ್ದವು, ನಡುವಿನವೂ ಚೆನ್ನಾಗಿದ್ದವು. ಹಾಗೇ ಮೇಲೆ ಹೋದಂತೆ ಗುಂಡಿ ಒತ್ತುವುದು ನಿಂತುಹೋಯಿತು. ಸದ್ದನ್ನು ಐದು ಹಂತ ಜೋರು ಮಾಡಿದಳು, ಇನ್ನೈದು ಹಂತ. ಫಲಿತಾಂಶದ ಹಾಳೆಯ ಮೇಲೆ ಎರಡೂ ಕಿವಿಯ ಗೆರೆ ಒಂದೇ ಜಾಗದಲ್ಲಿ ಹಳ್ಳಕ್ಕೆ ಬಿದ್ದಂತೆ ಕುಸಿದು ಮತ್ತೆ ಮೇಲೆ ಬಂದಿತ್ತು.

ಅವಳ ನಗು ಅಲ್ಲೇ ನಿಂತಿತು. ಆ ಗೆರೆಯನ್ನು ಅವಳು ವರ್ಷಕ್ಕೆ ನಾಲ್ಕೈದು ಸಲ ನೋಡುತ್ತಾಳೆ. ಕಲ್ಲುಗಣಿಯಲ್ಲಿ ಸಿಡಿಸುವವರ ಕಿವಿ ಅದು. ಬಂದೂಕಿನ ತರಬೇತಿ ಕೊಡುವವರ ಕಿವಿ. ಚಿಕ್ಕ ವಯಸ್ಸಿನಿಂದ ಸಿಡಿತದ ಪಕ್ಕದಲ್ಲೇ ನಿಂತವರ ಕಿವಿ. ಅಷ್ಟು ಸ್ಪಷ್ಟವಾದ ರೆಕಾರ್ಡಿಂಗ್ ಅವನಿಗೆ ಎಲ್ಲಿಂದ ಸಿಗುತ್ತಿತ್ತೆಂದು ಈಗ ಹೊಳೆಯಿತು.

ಬಾಗಿಲು ತೆರೆದು ಹಾಳೆಯನ್ನು ಅವನ ಮುಂದೆ ಹಿಡಿದಳು.

“ಇದು ವೈರಿಂಗ್ ಮಾಡೋರ ಕಿವಿ ಅಲ್ಲ.”

ಅವನು ಹಾಳೆ ನೋಡಿದ. ಅವಳನ್ನು ನೋಡಿದ. ಮತ್ತೆ ಸುಳ್ಳು ಹೇಳಲಿಲ್ಲ.

“ಅವತ್ತು ಹಾರಿಸಿದ್ದು ನಾನೇ” ಎಂದ. “ದಿನಾ ಹೇಳ್ಬೇಕು ಅಂತಲೇ ಬರ್ತಿದ್ದೆ.”

“ಮೊದಲ ದಿನವೇ ಕೇಳಿದ್ದೆ ನಿಮ್ಮನ್ನ.” ಎಂದಳು ಅವಳು. “ನನ್ನ ನಾಯಿ ನಡುಗ್ತಾ ನಿಮ್ಮ ಕಾಲ ಮೇಲೆ ತಲೆ ಇಟ್ಟಿದ್ದ. ಆಗ್ಲೂ ಸುಮ್ನಿದ್ರಿ. ನನ್ನ ಕಥೆ ಎಲ್ಲಾ ಕೇಳಿಸ್ಕೊಂಡ್ರಿ, ಆಗ್ಲೂ ಸುಮ್ನಿದ್ರಿ.”

ಅವನು ಏನೋ ಹೇಳಲು ಹೋದ. ಅವಳು ಬಾಗಿಲು ತೋರಿಸಿದಳು. ಹೊರಡುವ ಮುನ್ನ ಅವನು ಬಗ್ಗಿ ದೊರೆಯ ತಲೆ ಸವರಿದ. ದೊರೆ ಎದ್ದು ಬಾಗಿಲವರೆಗೆ ಅವನ ಹಿಂದೆ ಹೋಗಿ, ಅಲ್ಲೇ ಕೂತು ಕುಂಯ್ ಎಂದ. ಅವಳಿಗೆ ಆ ನಾಯಿಯ ಮೇಲೂ ಸಿಟ್ಟು ಬಂತು.

*

ಮುಂದಿನ ನಾಲ್ಕು ದಿನ ಅವಳು ಒಬ್ಬಳೇ ಪಾಠ ಮಾಡಿದಳು. ಐದನೆಯ ದಿನ ಸದ್ದಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದಳು. ಕೋಣೆ ತುಂಬ ಪಟಪಟ ಸಿಡಿತ! ದೊರೆ ಹೊಟ್ಟೆ ಮೇಲೆ ಮಾಡಿ ಮಲಗಿ, ಕೋಳಿ ಚೂರಿಗಾಗಿ ಬಾಯಿ ತೆರೆದ.

“ಗೆದ್ದೆವು ಕಣೋ!” ಅವಳು ಅವನನ್ನು ತಬ್ಬಿಕೊಂಡಳು. 'ಯಾರೂ ಬೇಕಾಗಿಲ್ಲ ನಮಗೆ' ಎಂದೂ ಅಂದುಕೊಂಡಳು. ಹಾಗೆ ಅಂದುಕೊಂಡರೂ ಕಣ್ಣು ಖಾಲಿ ಕುರ್ಚಿಯ ಕಡೆ ಹೋಯಿತು.

ಮೊಬೈಲಿನಲ್ಲಿ ಅವನ ಸಂದೇಶವೊಂದು ಮೂರು ದಿನದಿಂದ ಬಿದ್ದಿತ್ತು. ಕ್ಷಮೆ ಕೇಳಿರಬೇಕೆಂದು ಅವಳು ತೆರೆದಿರಲಿಲ್ಲ.

ಅಂದು ಗುರುವಾರ, ಸಂಜೆ ಐದೂವರೆ. ಚಿಕ್ಕಮ್ಮ ಬಟ್ಟೆ ಮಡಿಸುತ್ತಿದ್ದರು, ದೊರೆ ಸೋಫಾದಲ್ಲಿ ಗೊರಕೆ ಹೊಡೆಯುತ್ತಿದ್ದ. ದೂರದ ದಂಡೆಯಿಂದ ಒಂದು ಗುಡುಗು ಬಂತು. ಧುಮ್ಮ್... ಜೋರೇನೂ ಅಲ್ಲ. ಆಸ್ಪತ್ರೆಯ ಕೋಣೆಯಲ್ಲಿ ಕೇಳಿಸಿದ್ದಕ್ಕಿಂತ ಸಣ್ಣದು. ಆದರೆ ಕಿಟಕಿಯ ಗಾಜು ಗಡಗಡಿಸಿತು, ಮೇಜಿನ ಮೇಲಿನ ಲೋಟ ಅದುರಿತು.

ದೊರೆ ಒಂದೇ ನೆಗೆತಕ್ಕೆ ಬಚ್ಚಲಮನೆಗೆ ನುಗ್ಗಿ ಗೋಡೆಯ ಮೂಲೆ ಕೆರೆಯತೊಡಗಿದ. ಒಂದೂವರೆ ಗಂಟೆ ನಡುಗಿದ. ಉಗುರಿನಿಂದ ರಕ್ತ ಬಂತು. ಅವಳು ಅವನ ಪಕ್ಕ ತಣ್ಣನೆಯ ನೆಲದ ಮೇಲೆ ಕೂತು ಅತ್ತಳು.

ಆಗ ಸಂದೇಶ ತೆರೆದಳು. ಅದರಲ್ಲಿ ಕ್ಷಮೆಯ ಮಾತು ಒಂದೂ ಇರಲಿಲ್ಲ.

'ಗುರುವಾರ ಸಂಜೆ ಐದೂವರೆಗೆ ದೊಡ್ಡದೊಂದು ಹಾರಿಸಿ ನೋಡಲೇಬೇಕು. ಆ ಹೊತ್ತಿಗೆ ದೊರೆಯನ್ನು ಊರಾಚೆ ಕರ್ಕೊಂಡು ಹೋಗಿ. ಇನ್ನೊಂದು ವಿಷಯ. ರೆಕಾರ್ಡಿಂಗಲ್ಲಿ ಬರೋದು ಕಿವಿಯ ಸದ್ದು ಮಾತ್ರ. ನಿಜವಾದ್ದು ನೆಲದಿಂದ, ಕಾಲಿನಿಂದ, ಎದೆಯಿಂದ ಬರುತ್ತೆ. ಅವನು ಹೆದರೋದು ಅದಕ್ಕೆ ಇರಬೇಕು. ನಿಮ್ಮ ಕೋಣೇಲಿ ಅದು ಬರಲ್ಲ.'

ಅವಳು ಹಣೆ ಚಚ್ಚಿಕೊಂಡಳು. ಹತ್ತು ವರ್ಷದಿಂದ ಜನರ ಕಿವಿಗೆ ಸದ್ದು ಕಳಿಸುತ್ತ ಕೂತವಳು, ಸದ್ದು ಎಂದರೆ ಕಿವಿಗೆ ಕೇಳಿಸುವುದು ಮಾತ್ರ ಎಂದು ನಂಬಿಬಿಟ್ಟಿದ್ದಳು. ದೊರೆಗೆ ನಾಲ್ಕು ಕಾಲುಗಳಿವೆ ಎಂಬುದನ್ನೇ ಮರೆತಿದ್ದಳು.

ಚಿಕ್ಕಮ್ಮ ಸಂದೇಶ ಓದಿ, ಕನ್ನಡಕ ತೆಗೆದು, ಅವಳ ತಲೆ ನೇವರಿಸಿದರು. ಹುಡುಗ ಸುಳ್ಳು ಹೇಳಿದ್ದು ತಪ್ಪು ಎಂದರು. ಆದರೆ ತನ್ನ ಕಷ್ಟದ ಬಗ್ಗೆ ಒಂದಕ್ಷರ ಬರೆಯದೆ ನಾಯಿಯ ಬಗ್ಗೆ ಬರೆದವನನ್ನು ಸುಲಭಕ್ಕೆ ಕಳಕೊಳ್ಳಬೇಡ ಎಂದೂ ಹೇಳಿದರು.

ಉದ್ಘಾಟನೆಗೆ ನಾಲ್ಕೇ ದಿನ ಉಳಿದಿತ್ತು.

*

ಊರ ಹೊರಗೆ ಮಣ್ಣಿನ ದಿಬ್ಬಗಳ ನಡುವೆ ಅವನ ಶೆಡ್ಡು. ಮಾರನೆಯ ಬೆಳಗ್ಗೆಯೇ ಅವಳು ಅಲ್ಲಿಗೆ ಹೋದಳು. ಬಾಗಿಲ ಹೊರಗಿನ ಪೆಟ್ಟಿಗೆಯಲ್ಲಿ ಮೊಬೈಲ್ ಇಟ್ಟು ಒಳಗೆ ಬರಬೇಕೆಂಬ ಫಲಕ. ಒಳಗೆ ಸಾಲು ಸಾಲು ಕೊಳವೆಗಳು, ಪ್ರತಿಯೊಂದಕ್ಕೂ ಅಂಕಿ ಬರೆದ ಚೀಟಿ, ತಂತಿಗಳು ಎಳೆ ಎಳೆಯಾಗಿ ಜಡೆ ಹೆಣೆದಷ್ಟು ಅಚ್ಚುಕಟ್ಟು. ಅವಳು ಅಂದುಕೊಂಡಿದ್ದಂತೆ ಅದು ಗದ್ದಲದ ಜಾಗವಾಗಿರಲಿಲ್ಲ. ಅಷ್ಟು ಎಚ್ಚರದ, ಅಷ್ಟು ಮೌನದ ಕೆಲಸ ಅವಳು ತನ್ನ ಕೋಣೆಯ ಹೊರಗೆ ಎಲ್ಲೂ ಕಂಡಿರಲಿಲ್ಲ.

ಅವನು ತಲೆಯೆತ್ತಿ ನೋಡಿ, ಕೈಯಲ್ಲಿದ್ದ ತಂತಿ ಕೆಳಗಿಟ್ಟು ಎದ್ದ.

“ನಿಮ್ಮ ಸಂದೇಶ ನಿನ್ನೆ ಓದಿದೆ” ಎಂದಳು. “ತಡವಾಗಿ. ನನ್ನದೇ ತಪ್ಪು.”

“ನಂದು ಅದಕ್ಕಿಂತ ಮೊದಲಿನ ತಪ್ಪು.”

“ಅದರ ಜಗಳ ಇನ್ನೂ ಮುಗಿದಿಲ್ಲ.” ಅವಳು ಕಣ್ಣೊರೆಸಿಕೊಂಡಳು. “ಮೊದಲು ದೊರೆ ವಿಷಯ. ನೆಲದಿಂದ ಬರೋ ಸದ್ದಿಗೆ ಏನ್ ಮಾಡೋದು?”

ಅವನ ಮುಖದಲ್ಲಿ ಆ ಹನ್ನೆರಡು ದಿನಗಳ ಪಾಠದ ಹೊತ್ತಿನ ನಗು ಮರಳಿ ಬಂತು. ಮೂಲೆಯಲ್ಲಿದ್ದ ಮರಳಿನ ಚೀಲಗಳನ್ನು ತೋರಿಸಿದ. ಕೊಳವೆ ಅಲುಗದಂತೆ ಆನಿಸಿ ಇಡುವ ಚೀಲಗಳವು. ಒಂದನ್ನು ಎತ್ತಿ ಮೊಣಕಾಲೆತ್ತರದಿಂದ ನೆಲಕ್ಕೆ ಬಿಟ್ಟ.

ಧುಮ್ಮ್...

ಅವಳ ಅಂಗಾಲಿನಿಂದ ಎದೆಯವರೆಗೆ ಏನೋ ಹರಿದುಹೋಯಿತು. ಅದೇ ಸದ್ದು! ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಮೇಲಿನ ಮನೆಯಿಂದ ಬೀಳಿಸ್ಬೇಕು” ಎಂದ ಅವನು.

“ಮೇಲಿನ ಮನೇಲಿ ಯಾರಿದ್ದಾರೆ ಗೊತ್ತಾ?” ಎಂದಳು ಅವಳು.

ಹೆಡ್‌ಮಾಸ್ತರು ಮೊದಲು ಕಣ್ಣು ಬಿಟ್ಟರು. ತಮ್ಮದೇ ಮನೆಯಲ್ಲಿ ಮರಳು ಚೀಲ ಬೀಳಿಸುವುದೇ! ಅವನು ತಾಳ್ಮೆಯಿಂದ ವಿವರಿಸಿದ. ಮೊದಲು ಒಂದು ಗೇಣು ಎತ್ತರದಿಂದ, ಮಾರನೆಯ ದಿನ ಎರಡು ಗೇಣು, ಪ್ರತಿ ಸಲ ಕೆಳಗೆ ದೊರೆಗೆ ಒಂದು ಚೂರು. ನಲವತ್ತು ವರ್ಷ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟವರಿಗೆ ಹಂತ ಹಂತದ ಪಾಠವೆಂದರೆ ಬಿಡಲಾಗದ ರುಚಿ. ಎರಡನೆಯ ದಿನಕ್ಕೆ ಅವರೇ ಚೀಲ ಎತ್ತತೊಡಗಿದರು. ಮೂರನೆಯ ದಿನ ಮಹಡಿಯಿಂದ ಬಗ್ಗಿ, “ವಿದ್ಯಾರ್ಥಿ ಹೇಗಿದ್ದಾನೆ?” ಎಂದು ಕೂಗಿ ಕೇಳಿದರು.

ವಿದ್ಯಾರ್ಥಿ ಪರವಾಗಿಲ್ಲ. ಮೊದಲ ದಿನ ಎದ್ದು ನಿಂತ. ಎರಡನೆಯ ದಿನ ಕಿವಿ ನಿಮಿರಿಸಿದ. ಮೂರನೆಯ ದಿನ ಧುಮ್ಮ್ ಎಂದ ಕೂಡಲೇ ಛಾವಣಿ ಬಿಟ್ಟು ಅವಳ ಕೈ ನೋಡಿದ.

*

ಉದ್ಘಾಟನೆಯ ದಿನ ಬೆಳಗ್ಗೆ ಅವನು ಬಂದ. ಸಂಜೆ ಅವನು ಇಲ್ಲಿರುವಂತಿಲ್ಲ, ದಂಡೆಯ ಮೇಲೆ ಇರಬೇಕು. ಇಷ್ಟು ದಿನ ಜೊತೆಗಿದ್ದವನು ಬೇಕಾದ ಹೊತ್ತಿಗೆ ಇರುವುದಿಲ್ಲವೆಂದು ಅವಳಿಗೆ ಸಂಕಟವಾಯಿತು.

ಅವನು ಜೇಬಿನಿಂದ ನಾಲ್ಕು ಹಾಳೆ ತೆಗೆದು ಕೊಟ್ಟ. ಯಾವ ನಿಮಿಷ, ಯಾವ ಸೆಕೆಂಡಿಗೆ ಯಾವುದು ಸಿಡಿಯುತ್ತದೆ ಎಂಬ ಅವನ ಪಟ್ಟಿ. ಇಪ್ಪತ್ತೆರಡು ನಿಮಿಷಗಳು. ದೊಡ್ಡ ಸದ್ದಿನ ಸಾಲುಗಳ ಕೆಳಗೆ ಪೆನ್ಸಿಲಿನ ಗೆರೆ.

“ಇದನ್ನ ಯಾರಿಗೂ ಕೊಡಲ್ಲ ನಾವು” ಎಂದ. “ಇನ್ಮೇಲೆ ನಿಮಗೆ ಗೊತ್ತಿಲ್ಲದೆ ಒಂದೂ ಸಿಡಿಯಲ್ಲ.”

ಅವಳ ಕಣ್ಣು ತುಂಬಿತು. ಸಿಟ್ಟಿನ ಕೊನೆಯ ಎಳೆಯೂ ಅಲ್ಲೇ ಕರಗಿತು. ತನ್ನ ಚೀಲದಿಂದ ಒಂದು ಪುಟ್ಟ ಡಬ್ಬಿ ತೆಗೆದಳು. ಪರೀಕ್ಷೆಯ ದಿನ, ಜಗಳಕ್ಕೆ ಮುಂಚೆ, ಅವನ ಕಿವಿಯ ಅಚ್ಚು ತೆಗೆದಿಟ್ಟಿದ್ದಳು. ಅದರಿಂದ ತಾನೇ ಮಾಡಿದ, ಸದ್ದು ತಡೆಯುವ ಒಂದು ಜೊತೆ ಕಿವಿಬಿರಡೆಗಳು.

“ಉಳಿದಿರೋ ಕಿವಿ ನನಗೆ ಬೇಕು” ಎಂದಳು. ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಹೊಳೆದು ಬಾಗಿಲು ಹಾಕಿಕೊಂಡಳು.

ಸಂಜೆ ಆರೂಮುಕ್ಕಾಲಿಗೆ ಹೆಡ್‌ಮಾಸ್ತರು ಕೈಗಡಿಯಾರದೊಂದಿಗೆ ಬಂದು ಕೂತರು. ಕಿಟಕಿಗೆ ದಪ್ಪ ಪರದೆ, ಮಂಚದ ಪಕ್ಕ ಕಂಬಳಿ ಹೊದಿಸಿದ ದೊರೆಯ ಗುಡಾರ, ಚಿಕ್ಕಮ್ಮನ ಮಡಿಲಲ್ಲಿ ಒಂದು ಬಟ್ಟಲು ಕೋಳಿ ಚೂರು. ಅವಳು ಪಟ್ಟಿ ಹಿಡಿದು ನೆಲದ ಮೇಲೆ ಕೂತಳು.

'ದೊರೆ... ನನ್ನನ್ನ ಬಿಟ್ಟು ಹೋಗಬೇಡ ಕಣೋ...'

ಏಳು ಗಂಟೆ.

ಧುಮ್ಮ್! ದೊರೆ ಎದ್ದು ನಿಂತ. ಬಾಲ ಕಾಲಿನ ನಡುವೆ ಹೋಯಿತು. ಕಣ್ಣು ಬಾಗಿಲಿನ ಕಡೆ ತಿರುಗಿತು. ಹೆಡ್‌ಮಾಸ್ತರು ಗಡಿಯಾರದಿಂದ ತಲೆಯೆತ್ತಿದರು. ಅವಳು ಎಳೆಯಲಿಲ್ಲ, ಹಿಡಿಯಲಿಲ್ಲ. ಚೂರು ಮುಂದೆ ಚಾಚಿದಳು. ದೊರೆ ಬಾಗಿಲು ನೋಡಿದ, ಚೂರು ನೋಡಿದ... ಬಾಗಿಲು ನೋಡಿದ... ಚೂರು ತಿಂದ.

ಆಮೇಲೆ ಅವಳಿಗೆ ಕೈ ಬಿಡುವಿಲ್ಲ. ಹತ್ತನೆಯ ಸೆಕೆಂಡು, ಹದಿನೆಂಟು, ಇಪ್ಪತ್ತೊಂದು. ಪಟ್ಟಿಯಲ್ಲಿ ಬರೆದಂತೆಯೇ ಒಂದೊಂದೂ ಬಂತು. ಒಂದೂ ಮುಂಚೆ ಬರಲಿಲ್ಲ, ಒಂದೂ ತಡವಾಗಲಿಲ್ಲ. ಅಷ್ಟು ದೂರದಲ್ಲಿ ಅವನ ಬೆರಳು, ಇಲ್ಲಿ ಅವಳ ಬೆರಳು. ಮೊದಲು ಸದ್ದು, ಆಮೇಲೆ ತಿಂಡಿ. ಚಿಕ್ಕಮ್ಮ ಸುಸ್ತಾಗಿ ಬಟ್ಟಲನ್ನು ಹೆಡ್‌ಮಾಸ್ತರಿಗೆ ದಾಟಿಸಿದರು. ಅವರು ಗಡಿಯಾರ ಮರೆತು ಚೂರು ಹರಿದು ಕೊಡತೊಡಗಿದರು.

ಹನ್ನೊಂದನೆಯ ನಿಮಿಷಕ್ಕೆ ಬಂದಾಗ ಪಟ್ಟಿಯ ಒಂದು ಸಾಲಿನಲ್ಲಿ ಸಿಡಿತ ಯಾವುದೂ ಇರಲಿಲ್ಲ. ಅಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು. 'ಈ ಒಂದು ನಿಮಿಷ ಸದ್ದಿಲ್ಲ. ಪರದೆ ಸರಿಸಿ ನೋಡಿ. ಇದು ನಿಮಗೆ.'

ಅವಳು ಪರದೆ ಸರಿಸಿದಳು. ಹೊಸ ಸೇತುವೆಯ ಈ ತುದಿಯಿಂದ ಆ ತುದಿಯವರೆಗೆ ಬಂಗಾರದ ಬೆಳಕು ಜಲಪಾತವಾಗಿ ನದಿಗೆ ಸುರಿಯುತ್ತಿತ್ತು. ಒಂದು ಚೂರೂ ಸದ್ದಿಲ್ಲ. ಊರೆಲ್ಲ ಬೆರಗಾಗಿ ನಿಂತಿತ್ತು. ದೊರೆ ಅವಳ ಪಕ್ಕ ಬಂದು ಕಿಟಕಿಯ ಮೇಲೆ ಎರಡು ಕಾಲಿಟ್ಟು ನಿಂತ. ಅವನ ಎದೆ ಹೊಡೆದುಕೊಳ್ಳುತ್ತಿರಲಿಲ್ಲ. ಹೊಡೆದುಕೊಳ್ಳುತ್ತಿದ್ದುದು ಅವಳದು.

'ಪೆದ್ದ... ಇಡೀ ಊರಿನ ಎದುರಿಗೆ ಹೇಳಿಬಿಟ್ಟನಲ್ಲ...' ಅವಳು ಅಳುತ್ತ ನಕ್ಕಳು.

ಏಳು ಇಪ್ಪತ್ತೆರಡಕ್ಕೆ ಕೊನೆಯದೂ ಮುಗಿಯಿತು. ದೊರೆ ಗುಡಾರದಿಂದ ತಲೆ ಹೊರಗೆ ಹಾಕಿ ಖಾಲಿ ಬಟ್ಟಲನ್ನು ನೆಕ್ಕುತ್ತಿದ್ದ. ಹೆಡ್‌ಮಾಸ್ತರು ಏಳು ಹೊಲಿಗೆಯ ಗುರುತಿದ್ದ ಕೈಯನ್ನು ಅವನ ತಲೆಯ ಮೇಲಿಟ್ಟರು.

“ಪಾಸು” ಎಂದರು. “ಮೊದಲ ದರ್ಜೆ.”

*

ಒಂದು ಗಂಟೆಯೊಳಗೆ ಮೆಟ್ಟಿಲ ಮೇಲೆ ದಡದಡ ಹೆಜ್ಜೆ. ಬಾಗಿಲಲ್ಲಿ ಅವನು! ಮುಖವೆಲ್ಲ ಮಸಿ, ಬಟ್ಟೆಯೆಲ್ಲ ಹೊಗೆಯ ವಾಸನೆ. ಕೆಲಸ ಮುಗಿಸಿ ಎಲ್ಲವನ್ನೂ ಒಪ್ಪಿಸಿ ಓಡಿಬಂದಿದ್ದ.

ದೊರೆ ಹತ್ತಿರ ಹೋದ. ಆ ವಾಸನೆಯನ್ನು ತಲೆಯಿಂದ ಕಾಲಿನವರೆಗೆ ಮೂಸಿದ. ದೊರೆ ಅವನ ಜೇಬಿಗೆ ಮೂತಿ ತೂರಿಸಿ ಕೋಳಿ ಚೂರು ಹುಡುಕತೊಡಗಿದ.

ಚಿಕ್ಕಮ್ಮ ಹೆಡ್‌ಮಾಸ್ತರನ್ನು ಹೊರಡಿಸಿಕೊಂಡು, ಸೇತುವೆ ನೋಡಬೇಕೆಂಬ ನೆಪ ಹೇಳಿ ಮಹಡಿ ಹತ್ತಿದರು. ಹೋಗುವಾಗ ಬಚ್ಚಲಮನೆಯ ದೀಪವನ್ನು ನೆನಪಿಸಲು ಮರೆಯಲಿಲ್ಲ.

ಇಬ್ಬರೇ ಉಳಿದರು. ಅವಳು ನೆಲ ನೋಡುತ್ತ ಮೆಲ್ಲಗೆ ಹೇಳಿದಳು.

“ನೀವಂದ್ರೆ ನಂಗೆ ಪ್ರಾಣ.”

ಅವನು ಸುಮ್ಮನೆ ನಗುತ್ತ ನಿಂತಿದ್ದ. 'ಏನೂ ಹೇಳ್ತಾ ಇಲ್ಲ...' ತಲೆಯೆತ್ತಿ ನೋಡಿದರೆ ಕಿವಿಯಲ್ಲಿ ಬಿರಡೆಗಳು ಹಾಗೇ ಇದ್ದವು!

ನಗು ತಡೆಯಲಾಗದೆ ಹತ್ತಿರ ಹೋಗಿ ಎರಡನ್ನೂ ತಾನೇ ತೆಗೆದಳು. ಆಮೇಲೆ ಅವನ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡಳು.

“ಪರೀಕ್ಷೆ” ಎಂದಳು. “ಕಣ್ಣು ಮುಚ್ಚಿ. ಕೇಳಿಸಿದ್ರೆ ಒತ್ತಿ.”

ಅವನು ಕಣ್ಣು ಮುಚ್ಚಿದ. ಅವಳು ಹಿಮ್ಮಡಿಯೆತ್ತಿ ಅವನ ಕಿವಿಯ ಬಳಿ ಅದೇ ಮಾತನ್ನು ಮತ್ತೊಮ್ಮೆ ಹೇಳಿದಳು. ಎಷ್ಟು ಮೆಲ್ಲಗೆಂದರೆ, ಆಸ್ಪತ್ರೆಯ ಯಂತ್ರದಲ್ಲಿ ಅದಕ್ಕಿಂತ ಕೆಳಗಿನ ಹಂತವಿಲ್ಲ.

ಅವನ ಬೆರಳುಗಳು ಅವಳ ಅಂಗೈಯನ್ನು ಒತ್ತಿದವು. ಒತ್ತಿ ಹಾಗೇ ಹಿಡಿದವು.

“ಒಂದ್ಸಲ ಒತ್ತಿ ಬಿಡಬೇಕು” ಎಂದಳು ಅವಳು.

“ಇದನ್ನ ಬಿಡಲ್ಲ” ಎಂದ ಅವನು.